ಕಾಡಿನ ನೆರೆಯಲ್ಲಿ ಸಂಸಾರ

(ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲೂಕುಗಳ ದಂಪತಿಗಳಿಗಾಗಿ ನೀಡಿದ ಉಪನ್ಯಾಸ)



ಕುಟುಂಬ ಕಲ್ಯಾಣವೆಂದೊಡನೆ ಗರ್ಭಿಣಿಯರ ಆರೈಕೆ, ಶಿಶುಗಳ ಲಸಿಕೆ, ಹೆರಿಗೆಗಳ ನಡುವಣ ಅಂತರ, ಮಿತ ಸಂತಾನ ಮುಂತಾದ ವಿಷಯಗಳು ನಿಮ್ಮ ನೆನಪಿಗೆ ಬರುವುದು ಸಹಜ. ಇವೆಲ್ಲವೂ ಅವಶ್ಯಕವಾದವುಗಳೇ. ಆದರೆ ಮಲೆನಾಡಿನ ಈ ಮೂರು ತಾಲೂಕುಗಳಲ್ಲಿ ಸಂಸಾರ ಹೂಡಿರುವವರಿಗೆ ಇವುಗಳಷ್ಟೇ ಮುಖ್ಯವಾದ ಮತ್ತೊಂದು ವಿಷಯವಿದೆ. ಅದು ಕಾಡಿನ ನೆರೆಹೊರೆ. ನಿಮ್ಮ ಮನೆಯ ಹಿತ್ತಲು ಮುಗಿಯುವಲ್ಲಿ ಬೇಲಿ, ಬೇಲಿಯಾಚೆ ತೋಟ, ತೋಟದಾಚೆ ಸೊಪ್ಪಿನ ಬೆಟ್ಟ, ಅದರಾಚೆ ಕಾನು. ಕಾನಿನಲ್ಲಿ ಬಾಳುವ ಪ್ರಾಣಿಗಳಿಗೆ ನಿಮ್ಮ ಬೇಲಿಯ ಲೆಕ್ಕವಿಲ್ಲ. ಅವುಗಳೊಡನೆ ನೀವೂ ನಿಮ್ಮ ಮಕ್ಕಳೂ ಅಪಾಯವಿಲ್ಲದೆ ಬಾಳುವುದು ಹೇಗೆಂಬುದೇ ಇಂದಿನ ಉಪನ್ಯಾಸದ ವಿಷಯ.

ಹುಟ್ಟಿದಂದಿನಿಂದ ಇಲ್ಲಿಯೇ ಬೆಳೆದವರಿಗೆ ಕಾಡಿನ ರೀತಿ ನೀತಿಗಳು ಸ್ವಲ್ಪಮಟ್ಟಿಗಾದರೂ ತಿಳಿದಿರುತ್ತವೆ. ಆದರೆ ನಿಮ್ಮಲ್ಲಿ ಎಲ್ಲರೂ ಇಲ್ಲಿಯೇ ಹುಟ್ಟಿದವರಲ್ಲ. ಬಯಲುಸೀಮೆಯಿಂದ ಮದುವೆಯಾಗಿ ಬಂದ ಸೊಸೆಯಂದಿರಿದ್ದಾರೆ. ಘಟ್ಟದ ಕೆಳಗಿನಿಂದ ಬಂದು ತೋಟ ಮಾಡಿದವರಿದ್ದಾರೆ. ಅಡಿಕೆ ಕೊಯ್ಲಿನ ಕೆಲಸಕ್ಕೆಂದು ಬಂದು ಇಲ್ಲಿಯೇ ನೆಲೆಸಿದ ಕುಟುಂಬಗಳಿವೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿಯ ನೀರು ನಿಂತಾಗ ಸಾಗರ ಮತ್ತು ಹೊಸನಗರ ತಾಲೂಕುಗಳ ಅನೇಕ ಹಳ್ಳಿಗಳು ಮುಳುಗಡೆಯಾಗಿ, ಅಲ್ಲಿನ ಜನ ಹೊಸ ಜಾಗಗಳಲ್ಲಿ ಕಾಡು ಸವರಿ ಮನೆ ಕಟ್ಟಿಕೊಳ್ಳಬೇಕಾಯಿತು. ಅವರ ಮಕ್ಕಳು, ಮೊಮ್ಮಕ್ಕಳು ಇಂದು ಈ ಪ್ರದೇಶದ ಗೃಹಸ್ಥರು. ಎಲ್ಲಿಂದಲೇ ಬಂದಿರಲಿ, ಕಾಡಿನಂಚಿನ ಮನೆಯಲ್ಲಿ ದೀಪ ಹಚ್ಚಿದ ಮೇಲೆ ಅಲ್ಲಿನ ನೆರೆಯವರನ್ನು ಅರಿತುಕೊಳ್ಳುವುದು ಗೃಹಸ್ಥನ ಹಾಗೂ ಗೃಹಿಣಿಯ ಧರ್ಮ.

ರೋಗಕ್ಕೆ ಹೆಸರು ಬಂದ ಬಗೆ

ಈ ನೆರೆಹೊರೆಯಿಂದ ಒದಗುವ ಕಷ್ಟಗಳಲ್ಲಿ ನಿಮಗೆ ಹೆಚ್ಚು ಪರಿಚಿತವಾದುದು ಮಂಗನ ಕಾಯಿಲೆ. 1957ರಲ್ಲಿ ನಮ್ಮ ಜಿಲ್ಲೆಯದೇ ಆದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗಳ ಜನರೂ ತೀವ್ರ ಜ್ವರದಿಂದ ಮಲಗಿದರು. ದಕ್ಷಿಣ ಅಮೆರಿಕದಲ್ಲಿ ಮಂಗಗಳನ್ನೂ ಮನುಷ್ಯರನ್ನೂ ಕೊಲ್ಲುವ ಹಳದಿ ಜ್ವರವು ನಮ್ಮ ನಾಡಿಗೂ ಬಂದಿತೇ ಎಂಬ ಭೀತಿ ಉಂಟಾಯಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಜ್ಞರು ಬಂದು ಪರೀಕ್ಷಿಸಿದಾಗ, ಇದು ಹಳದಿ ಜ್ವರವಲ್ಲ, ಅದುವರೆಗೆ ಜಗತ್ತಿಗೆ ತಿಳಿಯದಿದ್ದ ಬೇರೊಂದು ವೈರಾಣುವಿನಿಂದ ಬರುವ ರೋಗವೆಂದು ಗೊತ್ತಾಯಿತು. ರಷ್ಯದ ಕಾಡುಗಳಲ್ಲಿ ಉಣುಗುಗಳಿಂದ ಹರಡುವ ಮಿದುಳು ಜ್ವರದ ವೈರಾಣುವಿಗೆ ಇದು ಹತ್ತಿರದ ಸಂಬಂಧಿ. ಹೀಗೆ ಮಲೆನಾಡಿನ ಒಂದು ಸಣ್ಣ ಕಾಡಿನ ಹೆಸರು ಜಗತ್ತಿನ ವೈದ್ಯ ಗ್ರಂಥಗಳಲ್ಲಿ ಸೇರಿಹೋಯಿತು.

ಅಂದಿನಿಂದ ಇಂದಿನವರೆಗೆ ಈ ರೋಗ ನಮ್ಮನ್ನು ಬಿಟ್ಟು ಹೋಗಿಲ್ಲ. ಕೆಲವು ವರ್ಷ ಅಡಗಿದ್ದು, ಮತ್ತೆ ಒಂದು ವರ್ಷ ತಲೆಯೆತ್ತುತ್ತದೆ. 1982ರ ಕೊನೆಯಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲೂಕಿನಲ್ಲಿ ಗೇರು ತೋಟಕ್ಕಾಗಿ ಕಾಡು ಕಡಿದ ಬೆನ್ನಿಗೇ ಅಲ್ಲಿ ದೊಡ್ಡ ಪ್ರಮಾಣದಲ್ಲಿ ಕಾಣಿಸಿಕೊಂಡಿತು. 2012ರ ನಂತರದ ವರ್ಷಗಳಲ್ಲಿ ಬಂಡೀಪುರ, ಕೇರಳದ ವಯನಾಡು, ಗೋವ, ಮಹಾರಾಷ್ಟ್ರದ ಸಿಂಧುದುರ್ಗಗಳವರೆಗೂ ವ್ಯಾಪಿಸಿತು. 2018ರ ಡಿಸೆಂಬರ್ ಮತ್ತು 2019ರ ಆರಂಭದ ತಿಂಗಳುಗಳಲ್ಲಿ ಸಾಗರ ತಾಲೂಕಿನ ಅರಳಗೋಡು ಸುತ್ತಮುತ್ತ ಇದು ಹಲವು ಮನೆಗಳ ದುಡಿಯುವ ಕೈಗಳನ್ನು ಕಸಿದುಕೊಂಡುದು ನಿಮ್ಮಲ್ಲಿ ಅನೇಕರಿಗೆ ನೆನಪಿದೆ. 2024ರ ಆರಂಭದಲ್ಲಿ ಹೊಸನಗರ ತಾಲೂಕಿನಲ್ಲಿಯೂ ಸಾವು ಸಂಭವಿಸಿತು. ಆದುದರಿಂದ ಇದು ಅಜ್ಜಂದಿರ ಕಾಲದ ಕಥೆಯೆಂದು ಯಾರೂ ಉಪೇಕ್ಷೆ ಮಾಡತಕ್ಕದ್ದಲ್ಲ.

ಮಂಗ ಅಪರಾಧಿಯೇ?

ರೋಗದ ಹೆಸರನ್ನು ಕೇಳಿ ಮಂಗವೇ ಇದಕ್ಕೆಲ್ಲ ಕಾರಣವೆಂದು ಅನೇಕರು ಭಾವಿಸುತ್ತಾರೆ. ಬಾಳೆಗೊನೆ ಮುರಿದು, ಏಲಕ್ಕಿ ಕಿತ್ತು, ಎಳೆಯ ಅಡಿಕೆಯನ್ನು ಉದುರಿಸಿ ಹೋಗುವ ಮಂಗನ ಮೇಲೆ ರೈತನಿಗೆ ಕೋಪವಿರುವುದೂ ಸಹಜವೇ. ಆ ನಷ್ಟ ಸಣ್ಣದೆಂದು ನಾವು ಹೇಳುವುದಿಲ್ಲ. ಆದರೆ ರೋಗದ ವಿಷಯದಲ್ಲಿ ಮಂಗ ಅಪರಾಧಿಯಲ್ಲ. ನಮಗಿಂತ ಮೊದಲು ಅದೇ ರೋಗಕ್ಕೆ ಬಲಿಯಾಗುವ ಪ್ರಾಣಿ. ಕೆಂಪು ಮೋರೆಯ ಮಂಗಗಳೂ ಕಪ್ಪು ಮೋರೆಯ ಮುಸಿಯಗಳೂ ಈ ರೋಗ ತಗಲಿದರೆ ನಮಗಿಂತ ಬೇಗ ಸಾಯುತ್ತವೆ.

ನಿಜವಾದ ವಾಹಕ ಉಣುಗು. ದನದ ಕಿವಿಯಲ್ಲಿ, ನಾಯಿಯ ಮೈಮೇಲೆ ನೀವು ಕಾಣುವ ಉಣುಗುಗಳ ಕುಲಕ್ಕೆ ಸೇರಿದ, ಕಾಡಿನಲ್ಲಿ ಬಾಳುವ ಒಂದು ಜಾತಿ. ಇದರ ಬಾಳಿನ ಕ್ರಮವನ್ನು ತಿಳಿದುಕೊಂಡರೆ ಮುಂದೆ ಹೇಳುವ ಎಚ್ಚರಿಕೆಗಳ ಅರ್ಥ ತಾನಾಗಿಯೇ ಹೊಳೆಯುತ್ತದೆ. ಬೆಳೆದ ಉಣುಗು ಮಳೆಗಾಲದಲ್ಲಿ ದನಕರು ಹಾಗೂ ಕಾಡಿನ ದೊಡ್ಡ ಪ್ರಾಣಿಗಳ ರಕ್ತ ಕುಡಿದು, ನೆಲಕ್ಕೆ ಬಿದ್ದು, ತರಗೆಲೆಗಳ ಅಡಿಯಲ್ಲಿ ಮೊಟ್ಟೆಯಿಡುತ್ತದೆ. ಮಳೆ ನಿಂತ ಮೇಲೆ ಮರಿಗಳು ಹೊರಬಂದು ಇಲಿ, ಸುಂಡಿಲಿ, ಅಳಿಲು, ಮಂಗ ಮುಂತಾದ ಪ್ರಾಣಿಗಳ ಮೈಗೆ ಹತ್ತುತ್ತವೆ. ಆ ಪ್ರಾಣಿಯ ರಕ್ತದಲ್ಲಿ ವೈರಾಣುವಿದ್ದರೆ ಮರಿಯ ಒಡಲಿಗೂ ಅದು ಸೇರುತ್ತದೆ. ಆ ಮರಿ ಪೊರೆ ಕಳಚಿ ಎರಡನೆಯ ಹಂತಕ್ಕೆ ಬಂದಾಗ, ಎಳ್ಳುಕಾಳಿಗಿಂತ ದೊಡ್ಡದಾಗಿರದೆ, ಹುಲ್ಲಿನ ತುದಿಯಲ್ಲಿಯೂ ತರಗೆಲೆಯ ಮೇಲೆಯೂ ಕಾದು ಕುಳಿತಿರುತ್ತದೆ. ನವೆಂಬರ್‌ನಿಂದ ಮೇ ತಿಂಗಳವರೆಗೆ ಇವುಗಳ ಹಾವಳಿ. ಈ ಹಂತದ ಉಣುಗೇ ಮನುಷ್ಯನನ್ನು ಕಚ್ಚಿ ರೋಗ ತರುತ್ತದೆ.

ಈ ತಿಂಗಳುಗಳಲ್ಲಿ ನಿಮ್ಮ ಕೆಲಸಗಳು ಯಾವುವೆಂದು ಯೋಚಿಸಿ ನೋಡಿ. ಅಡಿಕೆ ಕೊಯ್ಲು, ಮಳೆಗಾಲಕ್ಕೆ ಕಟ್ಟಿಗೆ ಕೂಡಿಡುವುದು, ಕೊಟ್ಟಿಗೆಗೆ ದರಗು ಗುಡಿಸಿ ತರುವುದು, ಸೀಗೆಕಾಯಿ ಮತ್ತು ಅಂಟುವಾಳ ಆರಿಸುವುದು, ದನಗಳನ್ನು ಕಾಡಿಗೆ ಬಿಡುವುದು, ಬೇಲಿ ಕಟ್ಟುವುದು. ಕಾಡಿನ ನೆಲದೊಡನೆ ಮನುಷ್ಯನ ಸಂಪರ್ಕ ಅತಿ ಹೆಚ್ಚಾಗುವ ಕಾಲವೂ ಉಣುಗಿನ ಕಾಲವೂ ಒಂದೇ ಆಗಿದೆ. ಈ ಕೆಲಸಗಳನ್ನು ಬಿಟ್ಟು ಬದುಕುವುದು ನಿಮಗೆ ಸಾಧ್ಯವಿಲ್ಲ. ಆದುದರಿಂದ ಕಾಡಿಗೆ ಹೋಗಲೇಬೇಡಿರೆಂದು ಹೇಳಿ ಕೈತೊಳೆದುಕೊಳ್ಳುವುದು ನಮ್ಮ ಉದ್ದೇಶವಲ್ಲ. ಹೋಗುವ ಕ್ರಮ ಯಾವುದು, ಬಂದ ಮೇಲೆ ಮಾಡಬೇಕಾದುದೇನು ಎಂಬುದನ್ನು ತಿಳಿಸುವುದೇ ನಮ್ಮ ಕರ್ತವ್ಯ.

ಇನ್ನೊಂದು ಮಾತು. 1960ರ ದಶಕದಲ್ಲಿ ಈ ರೋಗವನ್ನು ಅಧ್ಯಯನ ಮಾಡಿದ ಹೋರ್ಹೆ ಬೋಶೆಲ್ ಎಂಬ ವಿಜ್ಞಾನಿ, ಜನವಸತಿ ಹೆಚ್ಚಿ ಕಾಡು ತುಂಡುತುಂಡಾಗಿ, ದನಕರುಗಳು ಕಾಡಿನೊಳಗೆ ಮೇಯತೊಡಗಿದುದಕ್ಕೂ ರೋಗದ ಉಲ್ಬಣಕ್ಕೂ ಸಂಬಂಧವಿದೆಯೆಂದು 1969ರಲ್ಲಿಯೇ ಬರೆದಿದ್ದರು. ದನಕ್ಕೆ ಈ ರೋಗ ಬಾಧಿಸುವುದಿಲ್ಲ. ಆದರೆ ಬೆಳೆದ ಉಣುಗುಗಳಿಗೆ ಅದು ಹೇರಳವಾಗಿ ರಕ್ತ ಒದಗಿಸುವುದರಿಂದ ಅವುಗಳ ಸಂಖ್ಯೆ ಹೆಚ್ಚುತ್ತದೆ. ಮಂಗಗಳನ್ನು ಓಡಿಸಿಬಿಟ್ಟರೆ ಅಥವಾ ಕೊಂದರೆ ರೋಗ ಹೋಗುತ್ತದೆಂಬ ಮಾತಿಗೆ ಆಧಾರವಿಲ್ಲವೆಂಬುದು ಇದರಿಂದ ನಿಮಗೆ ವಿದಿತವಾಗುತ್ತದೆ. ಮಂಗಗಳನ್ನು ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧವೂ ಹೌದು.

ಸತ್ತ ಮಂಗ ಕಂಡರೆ

ಮಂಗವೊಂದು ರೋಗದಿಂದ ಸತ್ತು ಬಿದ್ದಾಗ ಅದರ ಮೈ ತಣ್ಣಗಾಗುತ್ತಲೇ ಉಣುಗುಗಳು ಮೈ ಬಿಟ್ಟು ಸುತ್ತಲಿನ ನೆಲದಲ್ಲಿ ಹರಡಿಕೊಳ್ಳುತ್ತವೆ. ಅಂಥ ಸ್ಥಳವು ಹಲವು ವಾರಗಳ ಕಾಲ ಅಪಾಯದ ಸ್ಥಳ. ಅದನ್ನರಿಯದೆ ಅಲ್ಲಿ ದರಗು ಗುಡಿಸಲು ಹೋದ ತಾಯಿಗೆ ಅಥವಾ ಆಟಕ್ಕೆ ಹೋದ ಮಗುವಿಗೆ ಏನಾಗಬಹುದೆಂಬುದನ್ನು ನೀವೇ ಊಹಿಸಿಕೊಳ್ಳಬಹುದು.

ಸತ್ತ ಮಂಗ ಕಂಡ ದಿನವೇ ಆಶಾ ಕಾರ್ಯಕರ್ತೆಗೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಗ್ರಾಮ ಪಂಚಾಯಿತಿಗೆ ಅಥವಾ ಅರಣ್ಯ ಸಿಬ್ಬಂದಿಗೆ ಸುದ್ದಿ ಮುಟ್ಟಿಸಬೇಕು. ಪಶುವೈದ್ಯರು ಶವಪರೀಕ್ಷೆ ಮಾಡಿ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ; ಶವವನ್ನು ಸುಡಲಾಗುತ್ತದೆ; ಸುತ್ತಲಿನ 50 ಮೀಟರ್ ಆವರಣದಲ್ಲಿ ಉಣುಗುನಾಶಕ ಮೆಲಾಥಿಯಾನ್ ಪುಡಿಯನ್ನು ಎರಚಲಾಗುತ್ತದೆ. ಶವ ಕೊಳೆತ ಮೇಲೆ ತಿಳಿಸಿದರೆ ಪರೀಕ್ಷೆಯಿಂದ ಫಲ ದೊರೆಯುವುದು ಕಷ್ಟ. ಅಧಿಕಾರಿಗಳು ಬಂದರೆ ಕಾಡಿಗೆ ಹೋಗುವುದಕ್ಕೇ ತಡೆಯೊಡ್ಡುತ್ತಾರೆ, ಕೇಸು ಹಾಕುತ್ತಾರೆ ಎಂಬ ಅಂಜಿಕೆಯಿಂದ ಕೆಲವರು ಸುದ್ದಿಯನ್ನು ಮುಚ್ಚಿಡುತ್ತಾರೆ. ತಾನಾಗಿ ಸತ್ತ ಪ್ರಾಣಿಯ ಸುದ್ದಿ ಕೊಟ್ಟವರು ಅಪರಾಧಿಗಳಲ್ಲ. ಊರಿಗೆ ಉಪಕಾರ ಮಾಡಿದವರು.

ನಮ್ಮ ಹಳ್ಳಿಗಳಲ್ಲಿ ಸತ್ತ ಮಂಗವನ್ನು ಆಂಜನೇಯನ ಸ್ವರೂಪವೆಂದು ಭಾವಿಸಿ, ಹೂವು ಕುಂಕುಮವಿಟ್ಟು, ಹೊತ್ತುಕೊಂಡು ಹೋಗಿ ಸಂಸ್ಕಾರ ಮಾಡುವ ಪದ್ಧತಿಯಿದೆ. ಈ ಭಕ್ತಿಯನ್ನು ಅಲ್ಲಗಳೆಯುವವರು ನಾವಲ್ಲ. ಆದರೆ ಈ ಕಾಲದಲ್ಲಿ ಸತ್ತ ಮಂಗವನ್ನು ಮುಟ್ಟುವುದು, ಹೊರುವುದು, ಅದರ ಸುತ್ತ ಜನ ಸೇರುವುದು ತೀರ ಅಪಾಯಕರ. ಸಿಬ್ಬಂದಿಯವರು ಸುಡುವ ತನಕ ದೂರ ನಿಂತಿದ್ದು, ಅನಂತರ ದೇವಸ್ಥಾನದಲ್ಲಿ ಒಂದು ಪೂಜೆ ಮಾಡಿಸಿದರೆ ಭಕ್ತಿಗೂ ಕೊರತೆಯಿಲ್ಲ, ಮನೆಯ ಮಕ್ಕಳಿಗೂ ಕೇಡಿಲ್ಲ.

ಕಾಡಿಗೆ ಹೋಗುವ ಮೊದಲು, ಬಂದ ಬಳಿಕ

ನವೆಂಬರ್‌ನಿಂದ ಮೇ ತಿಂಗಳವರೆಗೆ ಈ ಕೆಳಗಿನ ಕ್ರಮಗಳನ್ನು ತಪ್ಪದೆ ಅನುಸರಿಸಿರಿ.

ಮೈತುಂಬ ಬಟ್ಟೆ ಧರಿಸಿ ಹೋಗಿರಿ. ಗಂಡಸರು ಮೊಣಕಾಲಿನ ಮೇಲೆ ಪಂಚೆ ಕಟ್ಟಿ ಬರಿಗಾಲಿನಲ್ಲಿ ಹೋಗುವುದು ಉಚಿತವಲ್ಲ. ಉದ್ದನೆಯ ಪ್ಯಾಂಟು, ತುಂಬು ತೋಳಿನ ಅಂಗಿ, ಕಾಲಿಗೆ ಬೂಟು ಇರಲಿ. ಹೆಂಗಸರು ಸೀರೆಯ ಮೇಲೆ ತುಂಬು ತೋಳಿನ ಅಂಗಿ ತೊಟ್ಟು, ಕಾಲಿಗೆ ಉದ್ದನೆಯ ಕಾಲುಚೀಲ ಹಾಕಿಕೊಳ್ಳಬಹುದು. ತಿಳಿಬಣ್ಣದ ಬಟ್ಟೆಯಾದರೆ ಹರಿದಾಡುವ ಉಣುಗು ಕಣ್ಣಿಗೆ ಬೀಳುತ್ತದೆ.

ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕ ವಿತರಿಸಲಾಗುವ ಡೇಪಾ ತೈಲವನ್ನು ಕೈಕಾಲುಗಳಿಗೆ, ಕತ್ತಿಗೆ ಸವರಿಕೊಂಡು ಹೋಗಿರಿ. ಕಣ್ಣು ಬಾಯಿಗಳಿಗೆ ತಗಲದಂತೆ ಎಚ್ಚರವಿರಲಿ. ಇದರ ಪರಿಣಾಮ ಕೆಲವು ಗಂಟೆಗಳವರೆಗೆ ಮಾತ್ರ. ಬೆಳಿಗ್ಗೆ ಸವರಿದುದು ಸಂಜೆಯವರೆಗೆ ಕಾಯುತ್ತದೆಂದು ನಂಬತಕ್ಕದ್ದಲ್ಲ. ಬಾಟಲಿಯನ್ನು ಅಟ್ಟದ ಮೇಲೆ ಇಟ್ಟು ಮರೆಯದೆ, ಕತ್ತಿ ಹಗ್ಗಗಳ ಪಕ್ಕದಲ್ಲಿಯೇ ಇಟ್ಟರೆ ಬಳಕೆಗೆ ಬರುತ್ತದೆ.

ಕಾಡಿನಲ್ಲಿ ತರಗೆಲೆಯ ಮೇಲೆ ಕುಳಿತು ಊಟ ಮಾಡುವುದು, ಮರದ ಬುಡದಲ್ಲಿ ಒರಗಿ ನಿದ್ರಿಸುವುದು ಬೇಡ. ಮಕ್ಕಳನ್ನೂ ಗರ್ಭಿಣಿಯರನ್ನೂ ಈ ತಿಂಗಳುಗಳಲ್ಲಿ ಕಾಡಿಗೆ ಕರೆದೊಯ್ಯಬೇಡಿ. ಮಂಗ ಸತ್ತಿರುವ ಪ್ರದೇಶದಿಂದ ಆ ಋತುವಿನಲ್ಲಿ ಸೊಪ್ಪು, ದರಗು, ಕಟ್ಟಿಗೆ ಯಾವುದನ್ನೂ ತರಬಾರದು.

ಮನೆಗೆ ಬಂದವರು ಒಳಗೆ ಕಾಲಿಡುವ ಮೊದಲೇ ಬಚ್ಚಲಿಗೆ ಹೋಗಬೇಕು. ಮಲೆನಾಡಿನ ಮನೆಗಳಲ್ಲಿ ಹಂಡೆಯ ತುಂಬ ಬಿಸಿನೀರು ಸದಾ ಕಾದಿರುವುದು ನಮ್ಮ ಹಿರಿಯರು ನಮಗೆ ಬಿಟ್ಟುಹೋದ ಭಾಗ್ಯ. ಬಟ್ಟೆಗಳನ್ನು ಬಿಸಿನೀರಿನಲ್ಲಿ ನೆನೆಹಾಕಿ, ಸೋಪು ಹಚ್ಚಿ ಮೈ ಉಜ್ಜಿ ಸ್ನಾನ ಮಾಡಿರಿ. ಅನಂತರ ಉಣುಗು ಹತ್ತಿದೆಯೇ ಎಂದು ಮೈಯನ್ನು ಪರೀಕ್ಷಿಸಿಕೊಳ್ಳಿರಿ. ಕಂಕುಳು, ತೊಡೆಸಂದು, ಮೊಣಕಾಲಿನ ಹಿಂಭಾಗ, ಸೊಂಟ, ಕಿವಿಯ ಹಿಂದೆ, ತಲೆಗೂದಲ ಬುಡ ಇವು ಉಣುಗು ಅಡಗುವ ಸ್ಥಳಗಳು.

ದಂಪತಿಗಳೇ, ಇಲ್ಲಿ ನಿಮಗೊಂದು ಮಾತು. ತನ್ನ ಬೆನ್ನನ್ನು ತಾನೇ ನೋಡಿಕೊಳ್ಳಲು ಯಾರಿಂದಲೂ ಸಾಧ್ಯವಿಲ್ಲ. ಗಂಡನ ಬೆನ್ನನ್ನು ಹೆಂಡತಿಯೂ ಹೆಂಡತಿಯ ಬೆನ್ನನ್ನು ಗಂಡನೂ ಲಾಟೀನಿನ ಅಥವಾ ಟಾರ್ಚಿನ ಬೆಳಕಿನಲ್ಲಿ ನೋಡಬೇಕು. ಇದರಲ್ಲಿ ಸಂಕೋಚಪಡುವಂಥದು ಏನೂ ಇಲ್ಲ. ಔಷಧಿಯಿಲ್ಲದ ಈ ರೋಗಕ್ಕೆ ದಿನಕ್ಕೆ ಐದು ನಿಮಿಷದ ಈ ಕೆಲಸದಷ್ಟು ಅಗ್ಗವಾದ ರಕ್ಷಣೆ ಬೇರೊಂದಿಲ್ಲ. ಮಲಗುವ ಮೊದಲು ಮಕ್ಕಳ ಮೈಯನ್ನೂ ಹೀಗೆಯೇ ನೋಡಿರಿ.

ಉಣುಗು ಕಚ್ಚಿಕೊಂಡಿದ್ದರೆ ಉಗುರಿನಿಂದ ಚಿವುಟಿ ಒಡೆಯಬೇಡಿ. ಬೀಡಿಯ ಕಿಡಿಯಿಂದ ಸುಡುವುದು, ಸೀಮೆಎಣ್ಣೆ ಹಾಕುವುದು ತಪ್ಪು. ಸಣ್ಣ ಚಿಮಟದಿಂದ ಚರ್ಮಕ್ಕೆ ಅಂಟಿಕೊಂಡಂತೆ ಹಿಡಿದು ನಿಧಾನವಾಗಿ ನೇರಕ್ಕೆ ಎಳೆದು ತೆಗೆಯಿರಿ. ಅದನ್ನು ಒಲೆಗೆ ಹಾಕಿ, ಕಚ್ಚಿದ ಜಾಗವನ್ನೂ ಕೈಯನ್ನೂ ಸೋಪಿನಿಂದ ತೊಳೆಯಿರಿ. ಆ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಮುಂದೆ ಜ್ವರ ಬಂದರೆ ವೈದ್ಯರಿಗೆ ಅದರಿಂದ ಸಹಾಯವಾಗುತ್ತದೆ.

ಕೊಟ್ಟಿಗೆಯ ವಿಷಯವನ್ನು ಮರೆಯುವಂತಿಲ್ಲ. ದನದ ಕಾಲ್ಕೆಳಗೆ ಹಾಸುವ ದರಗಿನೊಡನೆ ಉಣುಗು ಮನೆಯ ಬಾಗಿಲಿಗೇ ಬರುತ್ತದೆ. ಕಾಡಿಗೆ ಹೋಗದ ಮುದುಕರಿಗೂ ಮಕ್ಕಳಿಗೂ ಅದು ಹತ್ತಿಕೊಳ್ಳಬಹುದು. ಕೊಟ್ಟಿಗೆಯನ್ನು ಆದಷ್ಟು ಮನೆಯಿಂದ ದೂರದಲ್ಲಿ ಕಟ್ಟುವುದು, ದನಗಳಿಗೆ ಪಶುವೈದ್ಯರ ಸಲಹೆಯಂತೆ ಉಣುಗಿನ ಔಷಧಿ ಹಾಕಿಸುವುದು, ದರಗಿನ ರಾಶಿಯನ್ನು ಜಗಲಿಗೆ ತಾಗಿದಂತೆ ಹಾಕದಿರುವುದು ಅಗತ್ಯ. ಕೊಟ್ಟಿಗೆ ಕೆಲಸ ಮಾಡುವ ತಾಯಂದಿರೂ ಸಂಜೆ ಸ್ನಾನ ಮಾಡಿ ಮೈ ನೋಡಿಕೊಳ್ಳಬೇಕು.

ಜ್ವರ ಬಂದಾಗ

ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ರೋಗ ಕಾಣಿಸಿಕೊಳ್ಳುತ್ತದೆ. ಇದ್ದಕ್ಕಿದ್ದಂತೆ ಚಳಿಯೊಡನೆ ತೀವ್ರ ಜ್ವರ, ಹಣೆ ಸಿಡಿಯುವಂಥ ತಲೆನೋವು, ಸೊಂಟ ಮತ್ತು ಮೀನಖಂಡಗಳಲ್ಲಿ ಸಹಿಸಲಾರದ ನೋವು, ಕಣ್ಣು ಕೆಂಪಾಗುವುದು, ವಾಂತಿ, ಭೇದಿ ಇವು ಮುಖ್ಯ ಲಕ್ಷಣಗಳು. ಕೆಲವರಿಗೆ ವಸಡು, ಮೂಗುಗಳಿಂದ ರಕ್ತ ಬರುವುದೂ ಉಂಟು. ಒಂದೆರಡು ವಾರಗಳಲ್ಲಿ ಬಹುತೇಕ ಜನ ಚೇತರಿಸಿಕೊಳ್ಳುತ್ತಾರೆ. ಆದರೆ ಹತ್ತರಲ್ಲಿ ಒಬ್ಬಿಬ್ಬರಿಗೆ, ಜ್ವರ ಬಿಟ್ಟು ಗುಣವಾಯಿತೆಂದು ಸಮಾಧಾನಪಡುತ್ತಿರುವಾಗಲೇ, ಮತ್ತೆ ಜ್ವರ ಬಂದು ತಲೆನೋವು, ಕೈಕಾಲು ನಡುಕ, ಬುದ್ಧಿ ಕಲಕುವುದು ಮುಂತಾದ ಮಿದುಳಿನ ಲಕ್ಷಣಗಳು ತೋರಬಹುದು. ರೋಗ ತಗಲಿದ ನೂರು ಜನರಲ್ಲಿ 3ರಿಂದ 5 ಮಂದಿ ಸಾಯುತ್ತಾರೆ.

ಈ ರೋಗದ ವೈರಾಣುವನ್ನು ಕೊಲ್ಲುವ ಔಷಧಿ ಇನ್ನೂ ಇಲ್ಲ. 1990ರಿಂದ ನಮ್ಮ ಜಿಲ್ಲೆಯಲ್ಲಿ ಬಳಕೆಯಲ್ಲಿದ್ದ ಹಳೆಯ ಲಸಿಕೆಯಿಂದ ಸಾಕಷ್ಟು ರಕ್ಷಣೆ ದೊರೆಯುತ್ತಿಲ್ಲವೆಂದು ಕಂಡುಬಂದುದರಿಂದ 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಹೊಸ ಲಸಿಕೆಯ ಸಿದ್ಧತೆಯಲ್ಲಿ ತೊಡಗಿದೆ. ಹಿಂದೆ ಲಸಿಕೆ ಹಾಕಿಸಿಕೊಂಡಿದ್ದೇವೆ, ನಮಗೆ ಭಯವಿಲ್ಲ ಎಂದು ಯಾರೂ ಅಲಕ್ಷ್ಯ ಮಾಡಬಾರದು.

ಹಾಗಾದರೆ ಆಸ್ಪತ್ರೆಗೆ ಹೋಗಿ ಪ್ರಯೋಜನವೇನು ಎಂದು ನೀವು ಕೇಳಬಹುದು. ಪ್ರಯೋಜನ ಬಹಳವಿದೆ. ಸಕಾಲದಲ್ಲಿ ಬಂದ ರೋಗಿಗೆ ನೀರಿನಂಶ ಕಡಿಮೆಯಾಗದಂತೆ, ರಕ್ತದೊತ್ತಡ ಕುಸಿಯದಂತೆ, ರಕ್ತಸ್ರಾವವಾದರೆ ತಕ್ಷಣ ಗಮನಿಸುವಂತೆ ವ್ಯವಸ್ಥೆ ಮಾಡಿ ಪ್ರಾಣ ಉಳಿಸಬಹುದು. ತಡವಾಗಿ ಬಂದವರಿಗೆ ಈ ಅವಕಾಶ ಕೈತಪ್ಪುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಗೆ ಹಣ ಕೊಡಬೇಕಾಗಿಲ್ಲ. ಜ್ವರಕ್ಕೆ ಪ್ಯಾರಾಸಿಟಮಾಲ್ ಹೊರತು ಬೇರೆ ನೋವಿನ ಮಾತ್ರೆಗಳನ್ನು, ಮುಖ್ಯವಾಗಿ ಆಸ್ಪಿರಿನ್ನನ್ನು, ವೈದ್ಯರನ್ನು ಕೇಳದೆ ನುಂಗಬೇಡಿ. ಅವುಗಳಿಂದ ರಕ್ತಸ್ರಾವ ಹೆಚ್ಚಬಹುದು. ಈ ರೋಗ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಆದ್ದರಿಂದ ರೋಗಿಯನ್ನು ದೂರವಿಡುವುದು, ಆ ಮನೆಗೆ ಹೋಗಿಬರುವುದನ್ನು ನಿಲ್ಲಿಸುವುದು ಅನ್ಯಾಯ.

ಇಲ್ಲಿ ಗಂಡಂದಿರಿಗೆ ವಿಶೇಷವಾಗಿ ಒಂದು ವಿಜ್ಞಾಪನೆ. ಕೊಯ್ಲಿನ ದಿನಗಳಲ್ಲಿ ಮನೆಯ ಹೆಂಗಸರು ಬೆಳಗಿನ ಕೊಟ್ಟಿಗೆ ಕೆಲಸದಿಂದ ಹಿಡಿದು ರಾತ್ರಿ ಅಡಿಕೆ ಸುಲಿಯುವವರೆಗೂ ಬಿಡುವಿಲ್ಲದೆ ದುಡಿಯುತ್ತಾರೆ. ಗಂಡನಿಗೆ ಜ್ವರ ಬಂದರೆ ಮನೆಯೆಲ್ಲ ಗಮನಿಸುತ್ತದೆ. ಹೆಂಡತಿಗೆ ಮೈ ಬಿಸಿಯಾದರೆ ಆಕೆಯೇ ಅದನ್ನು ಯಾರಿಗೂ ಹೇಳುವುದಿಲ್ಲ. ಕೊಯ್ಲು ಮುಗಿಯಲಿ, ಆಮೇಲೆ ನೋಡೋಣವೆಂದು ಕಷಾಯ ಕುಡಿದು ಕೆಲಸಕ್ಕೆ ನಿಲ್ಲುತ್ತಾಳೆ. ಮಂಗನ ಕಾಯಿಲೆಯಲ್ಲಿ ಹೀಗೆ ಕಳೆದ ಮೂರು ನಾಲ್ಕು ದಿನಗಳೇ ಅಮೂಲ್ಯವಾದವು. ಅಡಿಕೆ ಒಂದು ದಿನ ತಡವಾಗಿ ಸುಲಿದರೆ ಸ್ವಲ್ಪ ನಷ್ಟವಾದೀತು. ತಾಯಿಯಿಲ್ಲದ ಮನೆಗೆ ಆಗುವ ನಷ್ಟವನ್ನು ಯಾವ ಮಂಡಿಯ ಧಾರಣೆಯೂ ತುಂಬಿಕೊಡಲಾರದು. ಆದುದರಿಂದ ಪ್ರತಿ ಸಂಜೆ ನಿಮ್ಮ ಪತ್ನಿಯನ್ನು ಮೈ ಹೇಗಿದೆಯೆಂದು ಕೇಳಿ. ಜ್ವರವಿದ್ದರೆ ಮರುದಿನವೇ ನೀವೇ ಜೊತೆಗೂಡಿ ಆಸ್ಪತ್ರೆಗೆ ಕರೆದೊಯ್ಯಿರಿ. ನಿಮ್ಮ ತೋಟಕ್ಕೆ ಬಂದ ಕೂಲಿಯಾಳುಗಳ ವಿಷಯದಲ್ಲಿಯೂ ಇದೇ ಕಾಳಜಿ ಇರಲಿ. ಉಣುಗಿನ ಭಯವರಿಯದ ಹೊರ ಊರಿನವರಿಗೆ ಅದನ್ನು ತಿಳಿಸಿಹೇಳಿ ತೈಲ ಕೊಡುವುದು ತೋಟದ ಯಜಮಾನರ ಹೊಣೆ.

ಹಾವಿನ ನೆರೆ

ಕಾಡಿನ ಮತ್ತೊಬ್ಬ ನೆರೆಯವನಾದ ಹಾವಿನ ವಿಷಯವನ್ನೂ ಸಂಕ್ಷೇಪವಾಗಿ ಹೇಳಬೇಕಾಗಿದೆ. ತೀರ್ಥಹಳ್ಳಿ ತಾಲೂಕಿನ ಆಗುಂಬೆಯ ಕಾಡು ಕಾಳಿಂಗ ಸರ್ಪಕ್ಕೆ ಹೆಸರಾದುದು. 2005ರಲ್ಲಿ ಅಲ್ಲಿ ಮಳೆಕಾಡಿನ ಸಂಶೋಧನಾ ಕೇಂದ್ರವೂ ಸ್ಥಾಪನೆಯಾಗಿದೆ. ಇಷ್ಟು ದೊಡ್ಡ ವಿಷಸರ್ಪವು ಮನೆಗಳ ಸುತ್ತ ಸುಳಿದಾಡಿದರೂ ಮನುಷ್ಯರನ್ನು ಕಚ್ಚುವುದು ಬಹು ಅಪರೂಪ. ಅದರ ಮುಖ್ಯ ಆಹಾರ ಬೇರೆ ಹಾವುಗಳು. ಕೆಣಕದೆ ಬಿಟ್ಟರೆ ತನ್ನ ದಾರಿ ಹಿಡಿದು ಹೋಗುತ್ತದೆ.

ನಮಗೆ ಅಪಾಯ ಹೆಚ್ಚಾಗಿ ಬರುವುದು ನಾಗರಹಾವು, ಕಟ್ಟುಹಾವು, ಮಂಡಲದ ಹಾವುಗಳಿಂದ. ಅದೂ ಕತ್ತಲಲ್ಲಿ ಕಾಣದೆ ತುಳಿದಾಗ, ದರಗಿಗೋ ಕಟ್ಟಿಗೆ ರಾಶಿಗೋ ಬರಿಗೈ ಹಾಕಿದಾಗ. ರಾತ್ರಿ ಬಚ್ಚಲಿಗೆ, ಕೊಟ್ಟಿಗೆಗೆ ಹೋಗುವಾಗ ಟಾರ್ಚು ಇರಲಿ. ಕಟ್ಟಿಗೆಯ ರಾಶಿಯನ್ನು ಮೊದಲು ಕೋಲಿನಿಂದ ತಟ್ಟಿರಿ. ನೆಲದ ಮೇಲೆ ಮಲಗುವವರು ಸೊಳ್ಳೆಪರದೆಯ ಅಂಚನ್ನು ಚಾಪೆಯ ಅಡಿಗೆ ಸಿಕ್ಕಿಸಿ ಮಲಗಿರಿ. ಅಕ್ಕಿ, ಭತ್ತ ಚೆಲ್ಲಿದಲ್ಲಿ ಇಲಿ ಬರುತ್ತದೆ. ಇಲಿಯ ಹಿಂದೆ ಹಾವು ಬರುತ್ತದೆ. ಆದುದರಿಂದ ಮನೆ ಶುಚಿಯಾಗಿರಲಿ.

ಹಾವು ಕಚ್ಚಿದರೆ ಗಾಯ ಕೊಯ್ಯುವುದು, ಬಾಯಿಂದ ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಸಲ್ಲದು. ಕಚ್ಚಿದ ಅಂಗವನ್ನು ಅಲುಗಾಡಿಸದೆ, ಧೈರ್ಯ ಹೇಳಿ, 108 ವಾಹನವನ್ನಾಗಲಿ ಸಿಕ್ಕ ಬೇರೆ ವಾಹನವನ್ನಾಗಲಿ ಹಿಡಿದು ನೇರವಾಗಿ ಪ್ರತಿವಿಷವಿರುವ ಆಸ್ಪತ್ರೆಗೆ ಕರೆದೊಯ್ಯಿರಿ. ಹಾವನ್ನು ಹುಡುಕಿ ಕೊಲ್ಲುವುದರಲ್ಲಿ ಹೊತ್ತು ಕಳೆಯಬೇಡಿ. ಮಂತ್ರ, ನಾಟಿ ಮದ್ದುಗಳಲ್ಲಿ ನಂಬಿಕೆಯಿದ್ದವರು ಅದನ್ನು ಆಸ್ಪತ್ರೆಯಿಂದ ಬಂದ ಬಳಿಕ ಇಟ್ಟುಕೊಳ್ಳಲಿ. ನಮ್ಮ ರಾಜ್ಯದಲ್ಲಿ 2024ರಿಂದ ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಬೇಕೆಂಬ ನಿಯಮ ಬಂದಿದೆ.

ದಂಪತಿಗಳ ಹೊಣೆ

ಇದುವರೆಗೆ ಹೇಳಿದ ಕ್ರಮಗಳು ಕೇಳುವಾಗ ಹಲವಾಗಿ ತೋರಿದರೂ ಇಬ್ಬರೂ ಹಂಚಿಕೊಂಡರೆ ಭಾರವಾಗುವುದಿಲ್ಲ. ನವೆಂಬರ್ ತಿಂಗಳು ಹುಟ್ಟುತ್ತಲೇ ಗಂಡಹೆಂಡಿರು ಒಂದು ಸಂಜೆ ಕುಳಿತು ಮಾತನಾಡಿಕೊಳ್ಳಿರಿ. ತೈಲ ತರುವವರು ಯಾರು, ದನಕ್ಕೆ ಔಷಧಿ ಹಾಕಿಸುವವರು ಯಾರು, ಮಕ್ಕಳ ಮೈ ನೋಡುವವರು ಯಾರು, ಸತ್ತ ಮಂಗದ ಸುದ್ದಿ ಕೊಡಬೇಕಾದ ಆಶಾ ಕಾರ್ಯಕರ್ತೆಯ ದೂರವಾಣಿ ಸಂಖ್ಯೆಯನ್ನು ಎಲ್ಲಿ ಬರೆದಿಡಬೇಕು ಎಂಬುದನ್ನು ಗೊತ್ತುಮಾಡಿಕೊಳ್ಳಿರಿ. ಹೊಸದಾಗಿ ಬಂದ ಸೊಸೆಗೆ ಅಡಿಗೆಮನೆಯ ಡಬ್ಬಗಳನ್ನು ತೋರಿಸುವಷ್ಟೇ ಅಕ್ಕರೆಯಿಂದ ಇವುಗಳನ್ನೂ ಅತ್ತೆಯರು ತಿಳಿಸಿಕೊಡಬೇಕು.

ಮಂಗ, ಮುಸಿಯ, ಕಾಳಿಂಗಗಳು ನಮಗಿಂತ ಮೊದಲೇ ಇಲ್ಲಿ ಬಾಳಿದವು. ಅವುಗಳ ಕಾಡು ಉಳಿದರೆ ನಿಮ್ಮ ಬಾವಿಯ ನೀರು, ತೋಟದ ತಂಪು, ಸೊಪ್ಪಿನ ಬೆಟ್ಟ ಇವೂ ಉಳಿಯುತ್ತವೆ. ಅವುಗಳನ್ನು ಶತ್ರುಗಳೆಂದು ಬಗೆಯದೆ, ಹಾಗೆಂದು ಮೈಮರೆಯದೆ, ನಡುವೆ ತಕ್ಕ ಅಂತರವಿಟ್ಟು ಬಾಳುವುದೇ ಮಲೆನಾಡಿನ ಗೃಹಸ್ಥ ಧರ್ಮ. ಈ ಪುಸ್ತಿಕೆಯನ್ನು ಓದಿ ಮಡಚಿಡದೆ ಓದು ಬಾರದ ನೆರೆಮನೆಯವರಿಗೂ ಓದಿ ಹೇಳಬೇಕೆಂದೂ, ಸಂದೇಹವಿದ್ದಲ್ಲಿ ನಿಮ್ಮ ಊರಿನ ಆರೋಗ್ಯ ಸಿಬ್ಬಂದಿಯನ್ನು ಸಂಕೋಚವಿಲ್ಲದೆ ಕೇಳಬೇಕೆಂದೂ ವಿನಂತಿಸಿ ನನ್ನ ಮಾತುಗಳನ್ನು ಮುಗಿಸುತ್ತೇನೆ.